ಕೇಕ್ ಪಾಪ್ ಬಿರಿಯದ ಗುಟ್ಟು ಹೇಳಿಕೊಟ್ಟವರಿಗೆ

ಹೆಸರು ಹೇಳದೆ ಹೋದ ನಿಮಗೆ ತುಂಬು ಮನಸ್ಸಿನ ಧನ್ಯವಾದ. ಕೇಕ್ ಪಾಪ್‌ನ, ಅಂದರೆ ಕಡ್ಡಿಗೆ ಚುಚ್ಚಿದ ಕೇಕ್ ಉಂಡೆಯ, ಚಾಕೊಲೇಟ್ ಹೊದಿಕೆ ಏಕೆ ಬಿರಿಯುತ್ತದೆಂದು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ! ಫ್ರೀಜರ್‌ನಲ್ಲಿಟ್ಟ ಉಂಡೆ ಹೊದಿಕೆ ಗಟ್ಟಿಯಾದ ಮೇಲೆ ಒಳಗೊಳಗೇ ಹಿಗ್ಗುತ್ತದೆ, ಹೊದಿಕೆ ತಾಳದೆ ಸೀಳುತ್ತದೆ. ಫ್ರಿಜ್‌ನಲ್ಲಿ ಅರ್ಧ ಗಂಟೆ ಸಾಕು. ಅದ್ದುವ ಮುಂಚೆ 5 ನಿಮಿಷ ಹೊರಗಿರಲಿ.

250 ಗ್ರಾಂ ಕೇಕ್ ಪುಡಿಗೆ ಕ್ರೀಮ್ ಒಂದೊಂದೇ ಚಮಚ ಬೆರೆಸಿ, ಮುಷ್ಟಿಯಲ್ಲಿ ಉಂಡೆ ನಿಂತ ಕೂಡಲೇ ಕ್ರೀಮ್ ಹಾಕುವುದನ್ನು ನಿಲ್ಲಿಸಬೇಕು. ಹೆಚ್ಚಾದರೆ ಉಂಡೆ ಮೆತ್ತಗಾಗಿ ಕಡ್ಡಿಯಿಂದ ಜಾರುತ್ತದೆ. ಕಡ್ಡಿಯ ತುದಿಯನ್ನು 1 ಸೆಂ.ಮೀ. ಚಾಕೊಲೇಟ್‌ನಲ್ಲಿ ಅದ್ದಿ ಉಂಡೆಯ ಅರ್ಧಕ್ಕೆ ಚುಚ್ಚಿದರೆ ಅದೇ ಅಂಟು. ಕರಗಿಸಿದ ಕಾಂಪೌಂಡ್ ಚಾಕೊಲೇಟ್ (ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದು) ದಪ್ಪವೆನಿಸಿದರೆ ಒಂದು ಚಮಚ ಎಣ್ಣೆ. ನೀರು ಹನಿ ಬಿದ್ದರೂ ಗಂಟುಕಟ್ಟುತ್ತದೆ. ಸ್ಪ್ರಿಂಕಲ್ಸ್ ಎಂಬ ಬಣ್ಣದ ಸಕ್ಕರೆ ಚೂರುಗಳನ್ನು ಹೊದಿಕೆ ಹಸಿಯಿರುವಾಗಲೇ ಉದುರಿಸಬೇಕು.

ರಾಗಿ ತುಂಬಿದ ಲೋಟದಲ್ಲಿ ಕಡ್ಡಿ ನೆಟ್ಟು ಒಣಗಿಸುವ ಉಪಾಯಕ್ಕಂತೂ ಇನ್ನೊಂದು ನಮಸ್ಕಾರ.