ಹಳೇ ಚಿನ್ನದ ಗುಂಡಿಗಳಿಗೆ ತಂತಿಬೇಲಿ ಸಾಲದು, ಕಲ್ಲಿನ ಗೋಡೆ ಕಟ್ಟಿಸಿ

ಚಿತ್ತೂರು ಜಿಲ್ಲೆಯ ಮಾನ್ಯ ಕಲೆಕ್ಟರ್ ಅವರಿಗೆ ನಮಸ್ಕಾರಗಳು.

ಇದೇ ವಿಷಯದ ಅರ್ಜಿಯನ್ನು ತೆಲುಗಿನಲ್ಲಿ ಬರೆದು ನಿಮ್ಮ ಕಚೇರಿಗೂ ಕೊಡುತ್ತೇನೆ. ಈ ಪತ್ರವನ್ನು ಕನ್ನಡದಲ್ಲಿ ಬರೆಯಲು ಕಾರಣ ಇದೆ. ಕುಪ್ಪಂ ಕಡೆಯ ಗಡಿ ಹಳ್ಳಿಗಳಲ್ಲಿ ಕನ್ನಡ ಮನೆಮಾತಿನವರು ನಾವು ಬೇಕಾದಷ್ಟು ಜನ ಇದ್ದೇವೆ. ಭಾನುವಾರ ಬಂತೆಂದರೆ ಬೈಕಿನಲ್ಲೋ ರೈಲಿನಲ್ಲೋ ಚಿನ್ನ ಹುಡುಕಲು ಇತ್ತ ಬರುವ ಹುಡುಗರೂ ಜಾಸ್ತಿ ಕನ್ನಡದವರೇ. ಅವರೂ ಓದಲಿ ಅಂತ.

ಕೋಲಾರದ ಚಿನ್ನದ ಪಟ್ಟಿ ರಾಜ್ಯದ ಗಡಿ ಬಂತೆಂದು ನಿಂತಿಲ್ಲ. ಕೆಜಿಎಫ್‌ನಿಂದ ತೆಂಕಣಕ್ಕೆ ಇಳಿದು ನಮ್ಮ ಬಿಸಾನತ್ತಂ, ಚಿಗರಗುಂಟದವರೆಗೂ ಬಂದಿದೆ. ಎರಡೂ ಕಡೆ ಬಿಜಿಎಂಎಲ್ ಎಂಬ ಸರ್ಕಾರಿ ಕಂಪನಿ ಗಣಿ ನಡೆಸುತ್ತಿತ್ತು. 2001ರಲ್ಲಿ ಆ ಕಂಪನಿಗೇ ಬೀಗ ಬಿತ್ತು. ಈಗ ಈ ಜಾಗ ಹರಾಜಿನಲ್ಲಿ ಇನ್ನೊಂದು ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ಪಾಲಿಗೆ ಬಂದಿದೆ. ಗಣಿ ಯಾವಾಗಲಾದರೂ ಶುರುವಾಗಲಿ, ಅದು ಬೇರೆ ಮಾತು. ನನಗೆ ಚಿಂತೆ ಇರುವುದು ಕಂಪನಿಗಳು ಬರುವುದಕ್ಕೆ ಎಷ್ಟೋ ಮುಂಚೆ ಊರವರೇ ತೋಡಿಬಿಟ್ಟ ಗುಂಡಿಗಳದು. 1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರಿನ ಮೂಡಣ ಗಡಿ ಅಳೆಯಲು ಬಂದಾಗಲೇ ಕೆಜಿಎಫ್ ಪಕ್ಕದ ಮಾರಿಕುಪ್ಪಂ ಸುತ್ತ ಜನ ಗುಂಡಿಗೆ ಇಳಿದು ಅದಿರು ತೆಗೆಯುತ್ತಿದ್ದರು. ಸಾವು ನೋವು ಜಾಸ್ತಿಯಾಯಿತೆಂದು 1859ರಲ್ಲಿ ಹಾಗೆ ಇಳಿಯುವುದನ್ನೇ ಸರ್ಕಾರ ನಿಷೇಧಿಸಿತು. ಹೊಟ್ಟೆಪಾಡಿಗೆ ಇಳಿಯುತ್ತಿದ್ದವರಿಗೇ ಬೇಡ ಎಂದ ಕೆಲಸವನ್ನು ಈಗ ರಜೆಯ ಮೋಜಿಗೆ ಮಾಡುತ್ತಿದ್ದಾರೆ ಸ್ವಾಮಿ.

ಕೆಜಿಎಫ್ ಸಿನಿಮಾ ಬಂದ ಮೇಲೆ ಹುಚ್ಚು ಹೆಚ್ಚಾಯಿತು. ಚಿನ್ನದ ರೇಟು ಏರಿದ ಮೇಲಂತೂ ಕೇಳುವುದೇ ಬೇಡ. ಹೆಗಲಿಗೆ ಮೆಟಲ್ ಡಿಟೆಕ್ಟರ್, ಬ್ಯಾಗಿನಲ್ಲಿ ಸುತ್ತಿಗೆ, ಕೈಯಲ್ಲಿ ಮೊಬೈಲ್. ನಾನು ಅವರನ್ನು ಕಳ್ಳರು ಅನ್ನುವುದಿಲ್ಲ. ಹಳ್ಳದ ಮರಳು ತೊಳೆದು ಚಿನ್ನ ನೋಡುವ ಆಸೆ ನಮ್ಮವರಿಗೆ ಹೊಸದೇನೂ ಅಲ್ಲ. ಗದಗದ ಕಪ್ಪತಗುಡ್ಡದ ಕಡೆ ಜಾಲಗಾರರು ಮಳೆ ನಿಂತ ಮೇಲೆ ಹಳ್ಳಗಳಲ್ಲಿ ಅದನ್ನೇ ಮಾಡುತ್ತಿದ್ದರು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹವ್ಯಾಸಕ್ಕೆ ಚಿನ್ನ ಹುಡುಕುವವರಿಗೆ ಸರ್ಕಾರವೇ ಹತ್ತು ವರ್ಷದ ಪರವಾನಗಿ ಕೊಡುತ್ತದೆ. ನಮ್ಮಲ್ಲಿ ಅಂಥ ದಾರಿ ಇಲ್ಲ. 1957ರ ಗಣಿ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಅದಿರು ತೆಗೆದರೆ ಐದು ವರ್ಷದವರೆಗೆ ಜೈಲು. ಬರುವ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ!

ಇಷ್ಟೆಲ್ಲ ಮಾಡಿ ಸಿಗುವುದಾದರೂ ಏನು? ಟನ್ ಕಲ್ಲಿಗೆ ಐದು ಗ್ರಾಂ ಚಿನ್ನ ಬಂದರೆ ಒಳ್ಳೇ ಅದಿರು. ಬೆನ್ನ ಮೇಲೆ 20 ಕಿಲೋ ಕಲ್ಲು ಹೊತ್ತು ತಂದರೆ ಅದರಲ್ಲಿ ಇರುವುದು 100 ಮಿಲಿಗ್ರಾಂ. ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ. ಡಿಟೆಕ್ಟರ್ ಅದಕ್ಕೆ ಕೂಗುವುದೇ ಇಲ್ಲ, ತುಕ್ಕು ಹಿಡಿದ ಮೊಳೆಗೆ ಕೂಗುತ್ತದೆ. ಪಳಪಳ ಹೊಳೆಯುವ ಹಳದಿ ಚೂರು ಸಾಮಾನ್ಯವಾಗಿ ಕಬ್ಬಿಣ ಗಂಧಕದ ಕಲ್ಲು, ಚಿನ್ನ ಅಲ್ಲ. ಕೆಲವರು ಚಿನ್ನ ಬಿಡಿಸಲು ಪಾದರಸ ತಂದು, ಕಲ್ಲಿನ ಪುಡಿಗೆ ಕಲಸಿ, ಮನೆಯ ಗ್ಯಾಸ್ ಒಲೆಯ ಮೇಲೇ ಕಾಯಿಸಲು ಹೊರಡುತ್ತಾರೆ. ಆ ವಿಷದ ಹೊಗೆ ಕುಡಿಯುವವರು ಅಡುಗೆಮನೆಯಲ್ಲಿರುವ ಹೆಂಗಸರು, ಮಕ್ಕಳು.

ಗುಂಡಿ ಹೇಗಿರುತ್ತದೆ ಎಂದು ಒಂದಿಷ್ಟು ಹೇಳಬೇಕು. ಬಾಯಿ ಸುತ್ತ ಲಂಟಾನ ಪೊದೆ, ಎರಡು ಸೀತಾಫಲದ ಗಿಡ. ಕುರಿ ಮೇಯಿಸುವವರಿಗೆ ಮಾತ್ರ ಗೊತ್ತು. ಅಂಚಿನ ಮಣ್ಣು ಪ್ರತಿ ಮಳೆಗೂ ಒಳಗೆ ಜಾರುತ್ತಾ ಬಂದಿರುತ್ತದೆ. ಹುಲ್ಲು ಬೆಳೆದಿರುವ ಅಂಚು ಗಟ್ಟಿ ಅನಿಸುತ್ತದೆ, ಕೆಳಗೆ ಟೊಳ್ಳು. ಹತ್ತು ಅಡಿ ಇಳಿದರೆ ಸಮನಾದ ನೆಲ ಸಿಕ್ಕಿತು ಅನಿಸುತ್ತದೆ. ಅದು ಎಷ್ಟೋ ಸಲ ನೆಲ ಅಲ್ಲ, ಹಳೇ ಮರದ ಹಲಗೆ ಮೇಲೆ ಕೂತ ಮಣ್ಣು. ಹಲಗೆ ಕೊಳೆತು ಎಷ್ಟು ಕಾಲವಾಯಿತೋ. ಅದರಡಿ ಇನ್ನೊಂದು ಗುಂಡಿ, ಕಪ್ಪು ನೀರು.

ಇದಕ್ಕಿಂತ ಕೆಟ್ಟದ್ದು ಗಾಳಿ. ಕೊಳೆಯುವ ಮರ, ತುಕ್ಕು ಹಿಡಿಯುವ ಗಂಧಕದ ಕಲ್ಲು ಆಮ್ಲಜನಕವನ್ನು ತಿಂದುಬಿಡುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇ 20.9 ಇರಬೇಕು. ಶೇ 10ಕ್ಕಿಂತ ಕೆಳಗೆ ಹೋದರೆ ಮನುಷ್ಯ ಅಲ್ಲೇ ಪ್ರಜ್ಞೆ ತಪ್ಪುತ್ತಾನೆ. ವಾಸನೆ ಇಲ್ಲ, ಕೆಮ್ಮು ಇಲ್ಲ, ಮುನ್ಸೂಚನೆ ಇಲ್ಲ. ಹಿಂದಿನವರು ಹಾಳುಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದರು. ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಈಗಿನವರ ಕೈಲಿರುವುದು ಮೊಬೈಲ್ ಟಾರ್ಚು. ಗಾಳಿ ಇರಲಿ ಬಿಡಲಿ, ಅದು ಉರಿಯುತ್ತಲೇ ಇರುತ್ತದೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂನ ಮುಚ್ಚಿದ ಗಣಿಗೆ ಇಳಿದವರಲ್ಲಿ ಮೂವರು ಸತ್ತದ್ದು ಗಡಿಯ ಆಚೆ ಇರಬಹುದು. ಗಣಿ ಪಟ್ಟಿ ಅದೇ.

ಈಗ ನನ್ನ ಬೇಡಿಕೆ. ಕೈಬಿಟ್ಟ ಗಣಿಬಾಯಿಗಳಿಗೆ ರಕ್ಷಣೆ ಇರಬೇಕೆಂದು 1961ರ ಲೋಹ ಗಣಿ ನಿಯಮಾವಳಿ ಹೇಳುತ್ತದೆ. ಆದರೆ ಕಬ್ಬಿಣದ ಬೇಲಿ ಹಾಕಬೇಡಿ. ಬೇಲಿ ಆರು ತಿಂಗಳಲ್ಲಿ ಗುಜರಿ ಅಂಗಡಿ ಸೇರುತ್ತದೆ, ಇದು ಇಲ್ಲಿ ಎಲ್ಲರಿಗೂ ಗೊತ್ತು. ಕಲ್ಲು, ಸಿಮೆಂಟಿನ ಗೋಡೆ ಕಟ್ಟಿಸಿ. ಕುಪ್ಪಂ ಕಡೆ ಕಲ್ಲಿಗೇನು ಬರವೇ? ಸಣ್ಣ ಗುಂಡಿಗಳಿಗೆ ಕಾಂಕ್ರೀಟ್ ಚಪ್ಪಡಿ ಸಾಕು. ಬಾವಲಿಗಳಿರುವ ಕಡೆ ಅವು ಹಾರಾಡುವಷ್ಟು ಕಿಂಡಿ ಬಿಟ್ಟರಾಯಿತು. ತೆಲುಗು, ಕನ್ನಡ, ತಮಿಳು ಮೂರರಲ್ಲೂ ಫಲಕ ಹಾಕಿಸಿ. ಅದರಲ್ಲಿ "ಅಪಾಯ" ಎಂದಷ್ಟೇ ಬರೆದರೆ ಹುಡುಗರು ಅದರ ಮುಂದೆಯೇ ಸೆಲ್ಫಿ ತೆಗೆಯುತ್ತಾರೆ. "ಒಳಗೆ ಉಸಿರಾಡಲು ಗಾಳಿ ಇಲ್ಲ" ಎಂದು ಬರೆಯಿಸಿ.

ಇನ್ನೊಂದು ಮಾತು. ಇದೇ ವಿಷಯಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಗುಂಡಿಯ ಸರ್ವೆ ನಂಬರ್ ತನ್ನಿ ಅಂದರು. ತಂದೆ. ಇದು ನಮಗೆ ಬರುವುದಿಲ್ಲ, ಪಕ್ಕದವರನ್ನು ಕೇಳಿ ಅಂದರು. ಪಕ್ಕದವರು ಮತ್ತೆ ಅಲ್ಲಿಗೇ ಕಳಿಸಿದರು. ರೆವಿನ್ಯೂ, ಅರಣ್ಯ, ಗಣಿ ಇಲಾಖೆ ಮೂರನ್ನೂ ಒಂದೇ ದಿನ ಗುಡ್ಡಕ್ಕೆ ಕರೆಸಲು ನಿಮ್ಮಿಂದ ಮಾತ್ರ ಸಾಧ್ಯ. ಗುಂಡಿ ತೋರಿಸಲು ಕುರಿಗಾಹಿಗಳನ್ನು ನಾನು ಕರೆತರುತ್ತೇನೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಗೊತ್ತು ಮಾಡಿ. ಹುಲ್ಲು ಎದ್ದ ಮೇಲೆ ಅರ್ಧ ಗುಂಡಿಗಳು ನಮಗೂ ಕಾಣುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಗುಡುಪಲ್ಲಿ ಮಂಡಲದ ಒಬ್ಬ ರೈತ