ಕ್ರಿಯಾಟಿನಿನ್ ಇಳಿದರೆ ಸಾಕೇ?

ಮಾನ್ಯ ಸಂಪಾದಕರೇ,

ಡಯಾಲಿಸಿಸ್ ರೋಗಿಯ ರಕ್ತಪರೀಕ್ಷೆಯ ವರದಿ ಬಂದೊಡನೆ ಮನೆಯವರ ಕಣ್ಣು ಮೊದಲು ಹೋಗುವುದು ಕ್ರಿಯಾಟಿನಿನ್ (ಸ್ನಾಯುಗಳಲ್ಲಿ ಹುಟ್ಟಿ, ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ) ಸಾಲಿನತ್ತ. ಅದು ಇಳಿದಿದ್ದರೆ ನೆಮ್ಮದಿ. ಆದರೆ ಡಯಾಲಿಸಿಸ್‌ಗೆ ಮುನ್ನ ತೆಗೆದ ರಕ್ತದಲ್ಲಿ ಅದು ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ, ಸ್ನಾಯುಗಳು ಕರಗುತ್ತಿರುವುದರ ಸೂಚನೆಯೂ ಆಗಿರಬಹುದು. ಬದುಕುಳಿಯುವ ಸಾಧ್ಯತೆಯೊಂದಿಗೆ ಗಟ್ಟಿ ನಂಟು ಕಂಡುಬಂದಿರುವುದು ರಕ್ತದಲ್ಲಿನ ಪ್ರಮುಖ ಪ್ರೋಟೀನ್ ಆದ ಆಲ್ಬುಮಿನ್‌ಗೆ: ಡೆಸಿಲೀಟರ್‌ಗೆ 4 ಗ್ರಾಂಗಿಂತ ಕೆಳಗಿಳಿದಷ್ಟೂ ಸಾವಿನ ಅಪಾಯ ಹೆಚ್ಚುವುದನ್ನು ಅಧ್ಯಯನಗಳು ತೋರಿಸಿವೆ. ಹಾಗೆಂದು ಪ್ರೋಟೀನ್ ಪುಡಿ ಕೊಟ್ಟರಾಯಿತು ಎಂಬ ಸಲಹೆ (ಎಲ್ಲರ ಬಾಯಲ್ಲೂ ಇದೇ) ಅರ್ಧ ಸತ್ಯ. ಸೋಂಕು, ಉರಿಯೂತವಿದ್ದಾಗ ಯಕೃತ್ತು ಆಲ್ಬುಮಿನ್ ತಯಾರಿಕೆಯನ್ನೇ ತಗ್ಗಿಸುತ್ತದೆ. ಆದ್ದರಿಂದ ಆಲ್ಬುಮಿನ್ ಇಳಿದಾಗ ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಪರೀಕ್ಷೆಯನ್ನೂ ಮಾಡಿಸಿ, ಕ್ಯಾಥೆಟರ್ (ಡಯಾಲಿಸಿಸ್‌ಗೆಂದು ರಕ್ತನಾಳಕ್ಕೆ ಹಾಕಿದ ಕೊಳವೆ) ಅಥವಾ ವಸಡಿನಲ್ಲಿ ಅಡಗಿರಬಹುದಾದ ಸೋಂಕನ್ನು ಹುಡುಕುವುದು ಡಯಾಲಿಸಿಸ್ ಕೇಂದ್ರಗಳ ವಾಡಿಕೆಯಾಗಬೇಕು. ವರದಿಯನ್ನಷ್ಟೇ ಕೈಗಿಡದೆ, ಹಿಂದಿನ ತಿಂಗಳುಗಳ ಅಂಕಿಗಳೊಂದಿಗೆ ಹೋಲಿಸಿ ರೋಗಿಗೆ ವಿವರಿಸಬೇಕು.

– ಒಬ್ಬ ಓದುಗ