ಹೆಪ್ಪಾಗುವ ತನಕ ಕಾದವರಿಗೆ

ಕಳೆದ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪುಣೆಗೆ ಬಂದು ಆರು ವರ್ಷ. ಅಷ್ಟೂ ದಿನ ಮಾಡಿದ್ದು ಒಂದೇ ಕೆಲಸ: ನೀರಿನಲ್ಲಿ ಬಿಟ್ಟರೆ ತಾವಾಗಿಯೇ ಒಂದಕ್ಕೊಂದು ಅಂಟಿಕೊಂಡು ಎಳೆಯಾಗಿ, ಎಳೆಗಳೆಲ್ಲ ಬಲೆಯಾಗಿ ನೀರನ್ನು ಹಿಡಿದಿಡುವ ಪುಟ್ಟ ಪೆಪ್ಟೈಡುಗಳಿಂದ (ಪ್ರೋಟೀನಿನ ಚಿಕ್ಕ ತುಣುಕಿನಂಥ, ಅಮೈನೋ ಆಮ್ಲಗಳ ಸರಪಳಿಗಳಿಂದ) ಗಾಯಕ್ಕೆ ಹಚ್ಚುವಂಥ ಜೆಲ್ ಮಾಡುವುದು. ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ನಾನು ಹೆಚ್ಚು ಋಣಿಯಾಗಿರುವ ಕೆಲವರು ಅದನ್ನು ಓದಲಾರರು. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಕೋಥ್ರೂಡಿನ ನಮ್ಮ ಮನೆ ಮಾಲೀಕರಾದ ಕಾಕೂಗೆ. ಧಾರವಾಡದಿಂದ ಮದುವೆಯಾಗಿ ಬಂದವರು, ನಲವತ್ತು ವರ್ಷ ಪುಣೆಯಲ್ಲಿದ್ದರೂ ಅಡುಗೆಮನೆಯಲ್ಲಿ ಕನ್ನಡ ಬಿಟ್ಟಿಲ್ಲ. ನನ್ನ ಎರಡನೇ ವರ್ಷ ಎಂಟು ತಿಂಗಳು ಒಂದೂ ಜೆಲ್ ಆಗಿರಲಿಲ್ಲ. ನಮ್ಮ ಮೊದಲ ಪರೀಕ್ಷೆ ಬಹಳ ಸರಳ: ಗಾಜಿನ ಸೀಸೆಯನ್ನು ತಲೆಕೆಳಗೆ ಮಾಡಿದರೆ ಒಳಗಿದ್ದದ್ದು ಜಾರದೆ ನಿಲ್ಲಬೇಕು. ನನ್ನದು ಪ್ರತಿ ಸಲ ಮುಚ್ಚಳಕ್ಕೆ ಬಂದು ಬೀಳುತ್ತಿತ್ತು. ಪೆಪ್ಟೈಡನ್ನು ಕ್ಷಾರದ ನೀರಿನಲ್ಲಿ ಕರಗಿಸಿ ಮೇಲಿಂದ ಆಮ್ಲದ ಹನಿ ಬಿಡುತ್ತಿದ್ದೆ. ಹನಿ ಬಿದ್ದಲ್ಲೆಲ್ಲ ಬಿಳಿ ಗಂಟು, ಉಳಿದ ಕಡೆ ನೀರು.

ಒಂದು ಭಾನುವಾರ ಸಂಜೆ ಅದನ್ನೆಲ್ಲ ಹೇಳಿಕೊಂಡು ಅತ್ತಾಗ ಕಾಕೂ ಗಡಿಗೆಯಲ್ಲಿದ್ದ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಚಮಚ ಕೆಳಗಿಟ್ಟು, “ನೀ ಹಾಲಿಗೆ ನಿಂಬೆಹಣ್ಣು ಹಿಂಡ್ಲಿಕ್ಕತ್ತೀಯಲ್ಲ, ಒಡೀದೇ ಏನಾಗ್ತದ? ಹುಳಿ ಸಾವಕಾಶ ಏರಬೇಕು. ಆಮ್ಯಾಲೆ ಅದನ್ನ ಮುಟ್ಟಬ್ಯಾಡ” ಅಂದರು.

ಮರುದಿನ ಲ್ಯಾಬಿನ ಸೀನಿಯರ್ ಒಬ್ಬರಿಗೆ ಹೇಳಿದೆ. ಅವರು ಮಾತಾಡದೆ ಕಪಾಟಿನಿಂದ ಗ್ಲುಕೋನೋ ಡೆಲ್ಟಾ ಲ್ಯಾಕ್ಟೋನ್ ಡಬ್ಬಿ ತೆಗೆದು ಕೈಗಿಟ್ಟರು. ಸೋಯಾ ಹಾಲಿನಿಂದ ತೋಫು ಮಾಡುವವರೂ ಬಳಸುವ ಪುಡಿ ಅದು. ನೀರಿನಲ್ಲಿ ನಿಧಾನವಾಗಿ ಗ್ಲುಕೋನಿಕ್ ಆಮ್ಲವಾಗುತ್ತದೆ, ಹಾಗಾಗಿ ಸೀಸೆಯ ಮೂಲೆಮೂಲೆಯಲ್ಲೂ ಪಿಎಚ್ ಒಂದೇ ಸಮ ಇಳಿಯುತ್ತದೆ, ಅಂದರೆ ಹುಳಿ ಒಂದೇ ಸಮ ಏರುತ್ತದೆ. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸೀಸೆ ಬೋರಲು ಹಾಕಿದರೆ ಒಂದು ಹನಿ ಕದಲಲಿಲ್ಲ. ನೂರಕ್ಕೆ 99 ಪಾಲು ನೀರೇ, ಆದರೆ ಹಿಂದಿನ ಗೋಡೆಯ ಕ್ಯಾಲೆಂಡರಿನ ಅಂಕಿ ಓದುವಷ್ಟು ತಿಳಿಯಾಗಿ ನಿಂತಿತ್ತು. ಕಾಕೂ, ಆ ಸೀಸೆ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ರಾತ್ರಿ ಪಾಳಿಯ ವಾಚ್‌ಮನ್ ಕಾಕಾಗೆ. ಅಕ್ಕಲಕೋಟೆ ಕಡೆಯವರು, ನನ್ನ ಊರು ಗದಗ ಎಂದು ತಿಳಿದ ದಿನದಿಂದ ಮಗಳೆಂದೇ ನೋಡಿಕೊಂಡರು. ಜುಲೈ ಮಳೆಯಲ್ಲಿ ಕರೆಂಟು ಹೋಗಿ ನಮ್ಮ ಫ್ರೀಜರ್ ಕೂಗತೊಡಗಿದಾಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದು ಅವರು. “ಬಾಗಲಾ ತಗದಿಲ್ಲ ತಾಯಿ, ತಗದ್ರ ತಂಪ ಹೊರಗ ಹೊಕ್ಕೈತಿ, ನೀ ಬಾ” ಎಂದರು. ಹೋಗಿ ಎಲ್ಲವನ್ನೂ ಪಕ್ಕದ ವಿಭಾಗಕ್ಕೆ ಸಾಗಿಸುವವರೆಗೂ ಟಾರ್ಚ್ ಹಿಡಿದು ನಿಂತರು. ಮೂರು ತಿಂಗಳು ಕೂಡಿಸಿಟ್ಟ ಪೆಪ್ಟೈಡ್ ಅದರಲ್ಲಿತ್ತು.

ಸೆಲ್ ಕಲ್ಚರ್ ಕೋಣೆಯ ಗೆಳತಿಗೂ. ಮೊದಲ ಸಲ ಜೆಲ್ ಮೇಲೆ ಜೀವಕೋಶ ಬಿಟ್ಟು ಬಣ್ಣ ಹಾಕಿ ನೋಡಿದಾಗ ಸೂಕ್ಷ್ಮದರ್ಶಕದ ತುಂಬ ಕೆಂಪು. ಬದುಕಿದ್ದರೆ ಹಸಿರು ಕಾಣಬೇಕಿತ್ತು. ನನ್ನ ಪೆಪ್ಟೈಡೇ ವಿಷ ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು, “ದ್ರಾವಣದ ಬಣ್ಣ ನೋಡೇ” ಎಂದಳು. ಜೀವಕೋಶಗಳ ಆಹಾರ ದ್ರಾವಣದಲ್ಲಿ ಫೀನಾಲ್ ರೆಡ್ ಎಂಬ, ಆಮ್ಲ ಹೆಚ್ಚಾದರೆ ಹಳದಿಯಾಗುವ ಬಣ್ಣ ಇರುತ್ತದೆ. ನಸುಗೆಂಪಾಗಿರಬೇಕಾದ ಅದು ಲಿಂಬೆ ಹಳದಿಯಾಗಿತ್ತು. ಜೆಲ್ಲಿನೊಳಗೆ ಆಮ್ಲ ಹಾಗೇ ಉಳಿದಿತ್ತು. ಎರಡು ದಿನ ಇಬ್ಬರೂ ಪಾಳಿ ಹಾಕಿಕೊಂಡು ದ್ರಾವಣ ಬದಲಿಸುತ್ತ ಹೋದೆವು, ಹಳದಿ ಕಿತ್ತಳೆಯಾಗಿ, ಕಿತ್ತಳೆ ಕೆಂಪಾಗುವ ತನಕ. ಮುಂದಿನ ಚಿತ್ರದಲ್ಲಿ ಹಸಿರು ತುಂಬಿತ್ತು. ಅದು ಅವಳ ಪ್ರಾಜೆಕ್ಟ್ ಅಲ್ಲ, ಆ ಲೇಖನದಲ್ಲಿ ಅವಳ ಹೆಸರಿರಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ.

ನಮ್ಮ ಗೈಡ್ ಮ್ಯಾಡಮ್‌ಗೆ. ಬರೀ ಪೆಪ್ಟೈಡಿನ ಜೆಲ್ ಒತ್ತಿದರೆ ಬಿರಿಯುತ್ತಿತ್ತು; ನಮ್ಮ ಕೀಲುಗಳಲ್ಲೇ ಇರುವ ಹೈಯಲುರೋನಿಕ್ ಆಮ್ಲವೆಂಬ ಪಾಲಿಮರನ್ನು ಬೆರೆಸು ಎಂದವರು ಅವರೇ. ನಮ್ಮ ಉಪಕರಣ ಕೆಟ್ಟು ತಿಂಗಳುಗಟ್ಟಲೆ ಕೂತಾಗ, ಚೆಕ್ ವಿಜ್ಞಾನಿ ಓಟ್ಟೊ ವಿಖ್ಟರ್ಲೆ 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಮಕ್ಕಳ ಆಟಿಕೆಯ ಬಿಡಿಭಾಗ ಜೋಡಿಸಿ ಹೈಡ್ರೋಜೆಲ್ಲಿನ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ತಯಾರಿಸಿದ ಕತೆ ಹೇಳಿದ್ದರು. ಒಂದು ದಿನವೂ ಬೈಯಲಿಲ್ಲ.

ಅಪ್ಪ ವೈವಾಕ್ಕೆ ಬಂದು ಕೊನೇ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಸಕ್ಕರೆ ಕಾಯಿಲೆಯ ಗಾಯ, ಅಂಗಾಲಿನಲ್ಲಿ, ಮೂರು ವರ್ಷದಿಂದ. ಮುಗಿದ ಮೇಲೆ ಕೇಳಿದ್ದು ಒಂದೇ: “ಇದನ್ನ ನನ್ನ ಕಾಲಿಗೆ ಹಚ್ಚೂದು ಯಾವಾಗ?”

ಸುಳ್ಳು ಹೇಳಲಾಗಲಿಲ್ಲ. ಅಮೆರಿಕದ ಎಂಐಟಿಯಲ್ಲಿ ವಿಜ್ಞಾನಿ ಶುಗ್ವಾಂಗ್ ಝಾಂಗ್ ಯೀಸ್ಟಿನ ಪ್ರೋಟೀನೊಂದರಲ್ಲಿ ಇಂಥ ಪೆಪ್ಟೈಡ್ ಗುರುತಿಸಿದ್ದು 1990ರ ದಶಕದ ಆರಂಭದಲ್ಲಿ. ಅದೇ ಬಳಗದ, 16 ಅಮೈನೋ ಆಮ್ಲಗಳ ಇನ್ನೊಂದು ಪೆಪ್ಟೈಡ್ ರಕ್ತ ನಿಲ್ಲಿಸುವ ಜೆಲ್ ಆಗಿ ಡಾಕ್ಟರರ ಕೈಗೆ ಬರಲು ಇಪ್ಪತ್ತು ವರ್ಷವೇ ಹಿಡಿಯಿತು. ನನ್ನದು ಇನ್ನೂ ಗಾಜಿನ ತಟ್ಟೆಯಲ್ಲಿದೆ; ಪ್ರಾಣಿಗಳ ಮೇಲಿನ ಪರೀಕ್ಷೆಯೂ ಆಗಿಲ್ಲ. ಅಪ್ಪ ಕೇಳಿಸಿಕೊಂಡು ತಲೆಯಾಡಿಸಿದರು. “ಇರಲಿ, ಅವಸರ ಮಾಡಬ್ಯಾಡ” ಎಂದರು.

ಕೊನೆಯ ನಮಸ್ಕಾರ ಗದಗಿನ ನರ್ಸಕ್ಕನಿಗೆ. ದಿನ ಬಿಟ್ಟು ದಿನ ನಮ್ಮ ಮನೆ ಮೆಟ್ಟಿಲು ಹತ್ತಿ, ಹಳೇ ಪಟ್ಟಿ ಚರ್ಮಕ್ಕೆ ಅಂಟದಂತೆ ಸಲೈನ್ ಹನಿಸಿ ನೆನೆಸಿ, ಅಪ್ಪ ನರಳದ ಹಾಗೆ ಬಿಡಿಸುವವರು ನೀವು. ನಾಳೆ ಬುಧವಾರ, ನೀವು ಬರುವ ದಿನ. ಈ ಸಲ ಬಾಗಿಲು ತೆಗೆಯಲು ನಾನೂ ಮನೆಯಲ್ಲಿರುತ್ತೇನೆ.